ಹದಿನೆಂಟಕ್ಕೆ ಮತ ಬಂತು, ಕಾಲೇಜಿನಲ್ಲಿ ಹೋಯಿತು

"ಓದೋಕೆ ಕಳ್ಸಿರೋದು ಕಣಪ್ಪ, ಲೀಡರ್ ಆಗಕ್ಕಲ್ಲ." ಹಾಸನ ಜಿಲ್ಲೆಯ ಯಾವ ಊರಿನ ಜಗಲಿಯಲ್ಲಿ ಕೂತು ಕಾಲೇಜು ಚುನಾವಣೆಯ ಮಾತೆತ್ತಿದರೂ ಮೊದಲು ಬರುವ ಉತ್ತರ ಇದು. ಪ್ರಾಂಶುಪಾಲರ ಕೊಠಡಿಯಲ್ಲಿ ಇದೇ ಮಾತು ಸ್ವಲ್ಪ ಗ್ರಾಂಥಿಕವಾಗಿ ಬರುತ್ತದೆ, ವಿಧಾನಸೌಧದಲ್ಲಿ ಇನ್ನಷ್ಟು ಗಂಭೀರವಾಗಿ ಬರುತ್ತದೆ. 2025ರ ಕೊನೆಯಲ್ಲಿ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅವರು ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘಗಳ ಚುನಾವಣೆಯನ್ನು ಮತ್ತೆ ತರುವ ಮಾತಾಡಿದಾಗಲೂ ಈ ವಾಕ್ಯವೇ ಎದ್ದು ನಿಂತಿತು. ಶಿವಕುಮಾರ್ ಅವರೇ ವಿದ್ಯಾರ್ಥಿ ನಾಯಕರಾಗಿ ರಾಜಕೀಯಕ್ಕೆ ಬಂದವರು. ಅವರ ನಂತರದ ತಲೆಮಾರಿಗೆ ಆ ದಾರಿ ಇಲ್ಲ. ಮೂವತ್ತೈದು ವರ್ಷಗಳಿಂದ ಇಲ್ಲ.

ಜಗಲಿಯಲ್ಲಿ ಕೂತ ತಂದೆ ಆಡುವ ಈ ಮಾತಿನ ಹಿಂದೆ ಭಯವಿದೆ, ಅದಕ್ಕೆ ನನ್ನ ಗೌರವವಿದೆ. ಆಲೂಗೆಡ್ಡೆಗೆ ಅಂಗಮಾರಿ ಬಿದ್ದ ವರ್ಷವೂ ಕೈಸಾಲ ಮಾಡಿ ಫೀಸು ಕಟ್ಟಿದವನಿಗೆ ಮಗ ಠಾಣೆಯ ಮೆಟ್ಟಿಲು ಹತ್ತುವುದು ಬೇಡ. ಆದರೆ ಅದೇ ಮಾತನ್ನು ಅಧಿಕಾರದಲ್ಲಿ ಕೂತವರು ಆಡಿದರೆ ಅದರ ಅರ್ಥವೇ ಬೇರೆ. ಕಾಲೇಜಿನೊಳಗೆ ರಾಜಕೀಯ ಬರಬಾರದು ಎನ್ನುವ ಈ ನಿಲುವು ರಾಜಕೀಯವನ್ನು ಹೊರಗಿಟ್ಟಿಲ್ಲ. ರಾಜಕೀಯವನ್ನು ಅದರಲ್ಲೇ ಹುಟ್ಟಿದವರಿಗೆ ಮೀಸಲಿಟ್ಟಿದೆ, ಅಷ್ಟೇ. ಇದನ್ನು ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದಷ್ಟು ಸ್ಪಷ್ಟವಾಗಿ ತೋರಿಸುವ ಜಾಗ ರಾಜ್ಯದಲ್ಲಿ ಹೆಚ್ಚಿಲ್ಲ.

ಮೊದಲು ಇಸವಿಗಳನ್ನು ನೋಡೋಣ. ಸಂವಿಧಾನದ 61ನೇ ತಿದ್ದುಪಡಿ 1989ರ ಮಾರ್ಚ್ 28ರಂದು ಜಾರಿಗೆ ಬಂತು. ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಆ ವರ್ಷದ ನವೆಂಬರ್‌ನಲ್ಲಿ ಲೋಕಸಭೆಗೂ ನಮ್ಮ ವಿಧಾನಸಭೆಗೂ ಚುನಾವಣೆ ನಡೆದಾಗ ಹದಿನೆಂಟು, ಹತ್ತೊಂಬತ್ತರ ಹುಡುಗ ಹುಡುಗಿಯರು ಮೊದಲ ಸಲ ಸಾಲಿನಲ್ಲಿ ನಿಂತರು. ಹೆಚ್ಚುಕಡಿಮೆ ಅದೇ ಹೊತ್ತಿನಲ್ಲಿ, 1989-90ರಲ್ಲಿ, ವೀರೇಂದ್ರ ಪಾಟೀಲರು ಮುಖ್ಯಮಂತ್ರಿಯಾಗಿದ್ದಾಗ, ಕರ್ನಾಟಕದ ಕಾಲೇಜುಗಳಲ್ಲಿ ವಿದ್ಯಾರ್ಥಿ ಚುನಾವಣೆ ನಿಂತಿತು. ಪ್ರಧಾನಿ ಯಾರಾಗಬೇಕೆಂದು ತೀರ್ಮಾನಿಸುವ ಬುದ್ಧಿ ನಿನಗಿದೆ ಎಂದು ದೇಶ ಹೇಳಿತು, ನಿನ್ನ ಕಾಲೇಜಿನ ಕ್ರೀಡಾ ಕಾರ್ಯದರ್ಶಿ ಯಾರಾಗಬೇಕೆಂದು ತೀರ್ಮಾನಿಸುವ ಬುದ್ಧಿ ನಿನಗಿಲ್ಲ ಎಂದು ರಾಜ್ಯ ಹೇಳಿತು. ಅದೂ ಎಂಥ ರಾಜ್ಯ! 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆಸಿ, ಕಾಲುಭಾಗ ಸ್ಥಾನಗಳನ್ನು ಹೆಣ್ಣುಮಕ್ಕಳಿಗೆ ಬಿಟ್ಟು, ಅಧಿಕಾರವನ್ನು ಹಳ್ಳಿಗೆ ಇಳಿಸುವುದು ಹೇಗೆಂದು ದೇಶಕ್ಕೇ ತೋರಿಸಿದ ಸಚಿವ ಅಬ್ದುಲ್ ನಜೀರ್ ಸಾಬ್ ಅವರ ರಾಜ್ಯ.

ನಿಲ್ಲಿಸಲು ಕೊಟ್ಟ ಕಾರಣ ಹಿಂಸೆ. ಅದು ಕಟ್ಟುಕಥೆಯಲ್ಲ. ಎಂಬತ್ತರ ದಶಕದಲ್ಲಿ ಓದಿದವರನ್ನು ಕೇಳಿದರೆ ಚುನಾವಣೆ ಬಂತೆಂದರೆ ಕ್ಯಾಂಪಸ್ಸಿನಲ್ಲಿ ಸೈಕಲ್ ಚೈನು, ಹಾಕಿ ಸ್ಟಿಕ್ಕು ಕಾಣಿಸುತ್ತಿದ್ದುದನ್ನು ಹೇಳುತ್ತಾರೆ. ಹೊರಗಿನ ಪುಂಡರು ಒಳಗೆ ಬಂದರು, ಹೊರಗಿನ ದುಡ್ಡೂ ಬಂತು. ಪೆಟ್ಟು ತಿಂದವರಿದ್ದಾರೆ, ವರ್ಷ ಕಳೆದುಕೊಂಡವರಿದ್ದಾರೆ. ಇದನ್ನೆಲ್ಲ ಮುಚ್ಚಿಟ್ಟು ಚುನಾವಣೆಯ ಪರ ವಾದ ಮಾಡುವುದು ಪ್ರಾಮಾಣಿಕವಲ್ಲ.

ಆದರೆ ಆ ದಿನಗಳಲ್ಲಿ ಕೆಟ್ಟಿದ್ದು ಕಾಲೇಜು ಚುನಾವಣೆ ಒಂದೇ ಏನು? ಮತಗಟ್ಟೆ ವಶಪಡಿಸಿಕೊಳ್ಳುವುದು, ಹೆಂಡ ಹಂಚುವುದು, ಗೋಡೆಯೆಲ್ಲ ಬಣ್ಣ ಬಳಿಯುವುದು ದೇಶದ ಚುನಾವಣೆಯಲ್ಲೂ ಇತ್ತು. ಅದಕ್ಕೆ ದೇಶ ಕಂಡುಕೊಂಡ ಉತ್ತರವೇನು? 1990ರ ಡಿಸೆಂಬರ್‌ನಲ್ಲಿ ಟಿ.ಎನ್. ಶೇಷನ್ ಮುಖ್ಯ ಚುನಾವಣಾ ಆಯುಕ್ತರಾದರು. ನೀತಿ ಸಂಹಿತೆಗೆ ಹಲ್ಲು ಬಂತು, ಖರ್ಚಿಗೆ ಲೆಕ್ಕ ಕೇಳುವವರು ಬಂದರು, ಮತದಾರರ ಗುರುತಿನ ಚೀಟಿ ಬಂತು. ಚುನಾವಣೆಯಲ್ಲಿ ಗಲಾಟೆಯಾಗುತ್ತದೆ, ಆದ್ದರಿಂದ ಶಾಸಕರನ್ನು ಜಿಲ್ಲಾಧಿಕಾರಿಯೇ ನೇಮಿಸಲಿ ಎಂದು ಯಾರೂ ಹೇಳಲಿಲ್ಲ. ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಅಣ್ಣತಮ್ಮಂದಿರೇ ತಲೆ ಒಡೆದುಕೊಂಡಿದ್ದನ್ನು ನಮ್ಮ ಹಳ್ಳಿಗಳು ಕಂಡಿಲ್ಲವೆ? ಹಾಗೆಂದು ಪಂಚಾಯಿತಿಯನ್ನು ಮುಚ್ಚಿದೆವೆ? ದೊಡ್ಡವರ ಜಗಳಕ್ಕೆ ಕಾನೂನು ಬಿಗಿಯಾಯಿತು, ಮಕ್ಕಳ ಜಗಳಕ್ಕೆ ಬಾಗಿಲೇ ಮುಚ್ಚಿತು.

ಬಾಗಿಲು ಮುಚ್ಚಿದ್ದರಿಂದ ಕ್ಯಾಂಪಸ್ ಶಾಂತವಾಯಿತು ಎನ್ನುವವರು 2022ರ ಫೆಬ್ರುವರಿಯನ್ನು ನೆನಪಿಸಿಕೊಳ್ಳಬೇಕು. ಉಡುಪಿಯ ಸರ್ಕಾರಿ ಪದವಿಪೂರ್ವ ಕಾಲೇಜಿನಲ್ಲಿ ಹಿಜಾಬ್ ವಿಷಯ ಎದ್ದು, ಒಂದು ಕಡೆ ತಲೆವಸ್ತ್ರ, ಇನ್ನೊಂದು ಕಡೆ ಕೇಸರಿ ಶಾಲು ಎಂದಾಗಿ, ರಾಜ್ಯದ ಪ್ರೌಢಶಾಲೆ ಕಾಲೇಜುಗಳಿಗೆಲ್ಲ ಸರ್ಕಾರ ರಜೆ ಘೋಷಿಸಬೇಕಾಯಿತು. ಸರ್ಕಾರ ನಿಲ್ಲಿಸಿದ್ದ ಚುನಾವಣೆ ಆಗಲೂ ಮರಳಿ ಬಂದಿರಲಿಲ್ಲ. ಚುನಾವಣೆಯಿಲ್ಲದ ಮೂರು ದಶಕಗಳ ಕೊನೆಗೆ ಆದದ್ದು ಅದು. ಎಬಿವಿಪಿ, ಎನ್‌ಎಸ್‌ಯುಐ, ಎಸ್‌ಎಫ್‌ಐ, ಎಐಡಿಎಸ್‌ಒ ಯಾವ ವಿದ್ಯಾರ್ಥಿ ಸಂಘಟನೆಯೂ ಕ್ಯಾಂಪಸ್ ಬಿಟ್ಟು ಹೋಗಿಲ್ಲ. ಜಾತಿ ಸಂಘಗಳ ವಾಟ್ಸ್ಆಪ್ ಗುಂಪುಗಳು ಪ್ರಥಮ ಪಿಯುಸಿಯಿಂದಲೇ ಶುರುವಾಗುತ್ತವೆ. ಬಾವುಟ ಇದೆ, ಘೋಷಣೆ ಇದೆ, ಗುಂಪು ಇದೆ. ಇಲ್ಲದ್ದು ಒಂದೇ, ಎರಡು ಕಡೆಯವರೂ ಒಪ್ಪಿ ಆರಿಸಿದ, ಎರಡು ಕಡೆಯವರನ್ನೂ ಕೂರಿಸಿ ಮಾತಾಡುವ ಅಧಿಕಾರವಿರುವ ವಿದ್ಯಾರ್ಥಿ ಸಂಘ. ಆ ಫೆಬ್ರುವರಿಯಲ್ಲಿ ಹುಡುಗಿಯರ ಪರವಾಗಿಯೂ ಹುಡುಗರ ಪರವಾಗಿಯೂ ಮಾತಾಡಿದವರಲ್ಲಿ ಹೆಚ್ಚಿನವರು ಹೊರಗಿನವರೇ ಆಗಿದ್ದರು, ಏಕೆಂದರೆ ಒಳಗೆ ಮಾತಾಡುವ ಹಕ್ಕಿದ್ದವರು ಒಬ್ಬರೂ ಇರಲಿಲ್ಲ.

ಈಗ ನಮ್ಮ ಜಿಲ್ಲೆಯ ಒಂದು ಮನೆಯನ್ನು ನೋಡಿ. ಅರಕಲಗೂಡು ತಾಲ್ಲೂಕಿನ ಯಾವುದೇ ಹಳ್ಳಿಯ ಯಾವುದೇ ಮನೆ ಆಗಬಹುದು. ಅಮ್ಮ ಬೆಳಿಗ್ಗೆ ಸಂಜೆ ಡೇರಿಗೆ ಹಾಲು ಹಾಕುತ್ತಾಳೆ, ಹಾಲು ಉತ್ಪಾದಕರ ಸಂಘದ ನಿರ್ದೇಶಕರ ಚುನಾವಣೆಯಲ್ಲಿ ಅವಳಿಗೆ ಮತವಿದೆ. ಅಪ್ಪನಿಗೆ ವ್ಯವಸಾಯ ಸೇವಾ ಸಹಕಾರ ಸಂಘದಲ್ಲಿ ಮತವಿದೆ. ಚಿಕ್ಕಮ್ಮ ಸ್ತ್ರೀಶಕ್ತಿ ಸಂಘದವಳು, ಅಲ್ಲಿ ಸದಸ್ಯೆಯರೇ ಕೂತು ಪ್ರತಿನಿಧಿಯನ್ನು ಆರಿಸುತ್ತಾರೆ. ಏಳನೇ ಕ್ಲಾಸಿನ ತಮ್ಮನ ಶಾಲೆಯಲ್ಲಿ ಶಾಲಾ ಸಂಸತ್ತು. ಮೇಷ್ಟ್ರು ಮೊಬೈಲಿನಲ್ಲೇ ಮತಯಂತ್ರದ ಆ್ಯಪ್ ಹಾಕಿಕೊಂಡು ಬಂದಿರುತ್ತಾರೆ, ಕಿಟಕಿಗೆ ರಟ್ಟು ಅಡ್ಡ ಹಿಡಿದು ಮತಗಟ್ಟೆ ಮಾಡಿರುತ್ತಾರೆ. ನಾಮಪತ್ರ, ಚಿಹ್ನೆ, ಬೆರಳಿಗೆ ಶಾಯಿ, ಬೀಪ್ ಸದ್ದು, ಎಣಿಕೆ, ಪ್ರಮಾಣವಚನ. ನೀರಿನ ಮಂತ್ರಿ, ಆಹಾರ ಮಂತ್ರಿ, ಸ್ವಚ್ಛತಾ ಮಂತ್ರಿ ಎಂದು ಹೆಸರು ಕೂಗಿದಾಗ ಆ ಮಕ್ಕಳು ಬೆನ್ನು ನೆಟ್ಟಗೆ ಮಾಡಿಕೊಂಡು ಎದ್ದು ನಿಲ್ಲುವುದನ್ನು ನೋಡಿದವರಿಗೆ ಗೊತ್ತು, ಅದು ಆಟವಲ್ಲ. ಮರುದಿನದಿಂದ ಕೈತೊಳೆಯುವ ತೊಟ್ಟಿಗೆ ನೀರಿಲ್ಲದಿದ್ದರೆ ಉಳಿದವರು ಆ ನೀರಿನ ಮಂತ್ರಿಯನ್ನೇ ಹಿಡಿದು ಕೇಳುತ್ತಾರೆ.

ಆ ಮನೆಯಲ್ಲಿ ಒಬ್ಬಳಿಗೆ ಮಾತ್ರ ತಾನು ದಿನವೂ ಹೋಗುವ ಜಾಗದಲ್ಲಿ ಮತವಿಲ್ಲ. ಅವಳು ಬಿ.ಎ. ಓದುವ ಅಕ್ಕ. ಇಪ್ಪತ್ತೊಂದು ತುಂಬಿದರೆ ಅವಳು ಗ್ರಾಮ ಪಂಚಾಯಿತಿಗೆ ನಿಲ್ಲಬಹುದು, ಗೆದ್ದರೆ ಅಧ್ಯಕ್ಷೆಯಾಗಬಹುದು, ಪಿಡಿಒ ಮುಂದೆ ಕೂತು ಲಕ್ಷಾಂತರ ರೂಪಾಯಿಯ ಕಾಮಗಾರಿಗೆ ಸಹಿ ಹಾಕಬಹುದು. ಅದೇ ಅವಳು ತನ್ನ ಕಾಲೇಜಿನ ಪ್ರತಿನಿಧಿಯಾಗಬೇಕಾದರೆ ಯಾರೋ ಅವಳ ಅಂಕಪಟ್ಟಿ ನೋಡಿ ನೇಮಿಸಬೇಕು. ಪ್ರತಿ ವರ್ಷ ಜನವರಿ 25ರಂದು ರಾಷ್ಟ್ರೀಯ ಮತದಾರರ ದಿನ ಬರುತ್ತದೆ. ಅವಳನ್ನು ಕಾಲೇಜಿನ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ, ಪ್ರಜಾಪ್ರಭುತ್ವದಲ್ಲಿ ನಂಬಿಕೆ ಇಟ್ಟಿದ್ದೇನೆಂದು ಪ್ರತಿಜ್ಞೆ ಮಾಡಿಸುತ್ತಾರೆ.

ಅಂಕದ ಮೇಲೆ ಪ್ರತಿನಿಧಿಯನ್ನು ನೇಮಿಸುವ ಈ ಪದ್ಧತಿಯನ್ನು ಬಹಳ ಒಳ್ಳೆಯದೆಂದು ಹೊಗಳುವವರಿದ್ದಾರೆ. ಗಲಾಟೆಯಿಲ್ಲ, ಜಾಣರೇ ಮುಂದೆ ಬರುತ್ತಾರೆ ಎಂಬುದು ಅವರ ಮಾತು. ಅದು ನಡೆಯುವ ರೀತಿ ನೋಡಿ. ತರಗತಿಯಲ್ಲಿ ಹೆಚ್ಚು ಅಂಕ ತೆಗೆದ ಹುಡುಗಿಯನ್ನು ಕರೆದು, ಇನ್ನು ಮೇಲೆ ನೀನು ಪ್ರತಿನಿಧಿ ಎನ್ನುತ್ತಾರೆ. ವಾರ್ಷಿಕೋತ್ಸವದ ದಿನ ಅವಳು ಅತಿಥಿಗೆ ಹೂಗುಚ್ಛ ಕೊಡುತ್ತಾಳೆ, ವಂದನಾರ್ಪಣೆ ಮಾಡುತ್ತಾಳೆ. ಹೆಣ್ಣುಮಕ್ಕಳ ಶೌಚಾಲಯಕ್ಕೆ ಮೂರು ವಾರದಿಂದ ನೀರಿಲ್ಲ ಎಂದು ಅವಳು ಪ್ರಾಂಶುಪಾಲರ ಎದುರು ನಿಂತು ಹೇಳಬಲ್ಲಳೆ? ಹೇಳಿದರೂ, ನಿನ್ನನ್ನು ಪ್ರತಿನಿಧಿ ಮಾಡಿದವರು ಯಾರು ಎಂಬ ಪ್ರಶ್ನೆಗೆ ಅವಳಲ್ಲಿರುವ ಉತ್ತರ ಒಂದೇ: ತಾವೇ ಸಾರ್. ಅವಳ ಜಾಣತನದಲ್ಲಿ ಕೊರತೆಯಿಲ್ಲ. ಅವಳ ಬೆನ್ನ ಹಿಂದೆ ಇನ್ನೂರು ಜನರ ಮತವಿಲ್ಲ, ಕೊರತೆ ಅದು.

ಇದರಿಂದ ಏನು ನಷ್ಟವಾಯಿತು ಎಂದು ಕೇಳುವವರಿಗೆ ಹಾಸನದ ಇತ್ತೀಚಿನ ವರ್ಷಗಳೇ ಸಾಕು. ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿದ್ದ ಹೇಮಗಂಗೋತ್ರಿ 2023ರಲ್ಲಿ ಹಾಸನ ವಿಶ್ವವಿದ್ಯಾಲಯವಾಯಿತು. ಜಿಲ್ಲೆಯ ಕಾಲೇಜುಗಳು ಮೈಸೂರಿನಿಂದ ಇದಕ್ಕೆ ಬಂದವು. ಎರಡು ವರ್ಷ ತುಂಬುವುದರೊಳಗೆ, 2025ರ ಫೆಬ್ರುವರಿಯಲ್ಲಿ, ಸಂಪುಟ ಉಪಸಮಿತಿ ಹಣವಿಲ್ಲದ ಕಾರಣಕ್ಕೆ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ತೀರ್ಮಾನಕ್ಕೆ ಬಂತು. ಹಾಸನದ್ದೂ ಅದರಲ್ಲಿತ್ತು. ಮುಚ್ಚುವುದು ಸರಿಯೋ ತಪ್ಪೋ, ಅದು ಬೇರೆ ಚರ್ಚೆ. ಕಟ್ಟಡವಿಲ್ಲದೆ, ಅಧ್ಯಾಪಕರಿಲ್ಲದೆ ಬೋರ್ಡು ಮಾತ್ರ ಹಾಕುವುದನ್ನು ನಾನೂ ಒಪ್ಪುವುದಿಲ್ಲ. ನನ್ನ ಪ್ರಶ್ನೆ ಬೇರೆ. ಸ್ಥಾಪಿಸುವಾಗಲೂ ಮುಚ್ಚುವಾಗಲೂ ಅಲ್ಲಿ ಓದುವವರನ್ನು ಯಾರಾದರೂ ಒಂದು ಮಾತು ಕೇಳಿದರೆ? ಕೇಳಬೇಕೆಂದರೂ ಯಾರನ್ನು ಕೇಳಬೇಕಿತ್ತು? ಮಂತ್ರಿಗಳು ಮಾತಾಡಿದರು, ವಿರೋಧ ಪಕ್ಷದವರು ಮಾತಾಡಿದರು, ಹಿರಿಯ ಶಿಕ್ಷಣ ತಜ್ಞರು ಮಾತಾಡಿದರು. ಜಿಲ್ಲೆಯ ಪದವಿ ವಿದ್ಯಾರ್ಥಿಗಳ ಪರವಾಗಿ, ಅವರೇ ಆರಿಸಿ ಕಳಿಸಿದವರು ಎಂಬ ಅಧಿಕಾರದಿಂದ ಮಾತಾಡಬಲ್ಲ ಒಬ್ಬೇ ಒಬ್ಬ ಹುಡುಗನಾಗಲಿ ಹುಡುಗಿಯಾಗಲಿ ಇರಲಿಲ್ಲ.

ಪದವಿಯ ಅವಧಿಯ ಕತೆಯೂ ಇದೇ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಹೆಸರಿನಲ್ಲಿ ನಾಲ್ಕು ವರ್ಷದ ಆನರ್ಸ್ ಪದವಿ ಬಂತು, ಇಡೀ ದೇಶದಲ್ಲಿ ಮೊದಲು ಜಾರಿ ಮಾಡಿದವರು ನಾವು ಎಂಬ ಹೆಮ್ಮೆಯೊಂದಿಗೆ. 2024ರಲ್ಲಿ ಇನ್ನೊಂದು ಸರ್ಕಾರ ಅದನ್ನು ಮತ್ತೆ ಮೂರು ವರ್ಷಕ್ಕೆ ಇಳಿಸಿತು. ನಡುವೆ ಸಿಕ್ಕಿಕೊಂಡ ಮೂರು ಬ್ಯಾಚಿನ ಮಕ್ಕಳು ತಮ್ಮ ವಿಷಯಗಳು ಬದಲಾಗುವುದನ್ನು ಪತ್ರಿಕೆ ನೋಡಿ ತಿಳಿದುಕೊಂಡರು. 2023ರ ನವೆಂಬರ್‌ನಲ್ಲಿ ಅತಿಥಿ ಉಪನ್ಯಾಸಕರು ಸೇವೆ ಕಾಯಂ ಮಾಡಿ ಎಂದು ತರಗತಿ ಬಹಿಷ್ಕರಿಸಿ ಕೂತರು. ಅವರ ಬೇಡಿಕೆ ನ್ಯಾಯದ್ದೇ. ಆದರೆ ಅವರನ್ನೇ ನೆಚ್ಚಿದ ಅರಕಲಗೂಡು, ಚನ್ನರಾಯಪಟ್ಟಣದಂಥ ಊರುಗಳ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ವಾರಗಟ್ಟಲೆ ಪಾಠವಿಲ್ಲದಾಗ ಸರ್ಕಾರದ ಜೊತೆ ಮಾತುಕತೆಯ ಮೇಜಿನಲ್ಲಿ ಎರಡೇ ಕುರ್ಚಿ ಇದ್ದವು. ಪಾಠ ಕಳೆದುಕೊಂಡವರಿಗೆ ಮೂರನೇ ಕುರ್ಚಿ ಇರಲಿಲ್ಲ. ವಿಶ್ವವಿದ್ಯಾಲಯಗಳ ಯುಯುಸಿಎಂಎಸ್ ಪೋರ್ಟಲ್‌ನಲ್ಲಿ ಫಲಿತಾಂಶ ಬಾರದೆ, ಬಂದರೂ ಒಂದು ವಿಷಯದಲ್ಲಿ ಗೈರುಹಾಜರಿ ಎಂದು ತೋರಿಸಿ, ಅಂಕಪಟ್ಟಿ ಕೈಗೆ ಸಿಗದೆ, ಬಿ.ಎಡ್. ಪ್ರವೇಶದ ಕೊನೆಯ ದಿನಾಂಕ ದಾಟಿಹೋಗುವುದನ್ನು ಅನುಭವಿಸಿದವರಿಗೆ ಆ ಮೂರನೇ ಕುರ್ಚಿಯ ಬೆಲೆ ಗೊತ್ತು. ಪ್ರತಿಯೊಬ್ಬರೂ ಒಬ್ಬೊಬ್ಬರೇ ವಿಶ್ವವಿದ್ಯಾಲಯದ ಕಿಟಕಿಯ ಮುಂದೆ ನಿಂತು, ಇವತ್ತು ಸರ್ವರ್ ಇಲ್ಲ, ನಾಳೆ ಬನ್ನಿ ಎಂಬ ಉತ್ತರ ಕೇಳಿ ಊರಿನ ಬಸ್ ಹತ್ತುತ್ತಾರೆ.

ಬಸ್ಸಿನ ಮಾತು ಬಂತು. ಬೆಳಿಗ್ಗೆ ಎಂಟರ ಹೊತ್ತಿಗೆ ಅರಕಲಗೂಡು ನಿಲ್ದಾಣದಲ್ಲಿ ಹೋಗಿ ನಿಂತು ನೋಡಬೇಕು. ಪಾಸ್ ಇದ್ದವರು, 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಆಧಾರ್ ತೋರಿಸಿ ಹತ್ತುವ ಹೆಣ್ಣುಮಕ್ಕಳು, ಹಾಸನದ ಆಸ್ಪತ್ರೆಗೆ ಹೊರಟ ಮುದುಕರು, ಎಲ್ಲರೂ ಒಂದೇ ಬಾಗಿಲಿಗೆ. ಸುಮಾರು ಮೂವತ್ತು ಕಿಲೋಮೀಟರ್ ದಾರಿ, ಮೆಟ್ಟಿಲ ಮೇಲೆ ಒಂದು ಕಾಲು. ದಾರಿಯ ನಡುವಿನ ಹಳ್ಳಿಯ ಹುಡುಗಿಗೆ ಬಸ್ ನಿಲ್ಲಿಸದೆ ಹೋದರೆ ಮೊದಲ ಪೀರಿಯಡ್ ಹೋಯಿತು. ಹಾಗೆ ಎಷ್ಟೋ ಪೀರಿಯಡ್ ಹೋಗಿ ಹಾಜರಾತಿ ಎಪ್ಪತ್ತೈದಕ್ಕೆ ಕಡಿಮೆಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಎಂಟು ಗಂಟೆಗೆ ಇನ್ನೊಂದು ಬಸ್ ಬಿಡಿ ಎಂದು ಕೇಳಲು ಡಿಪೋ ಮ್ಯಾನೇಜರ್ ಬಳಿ ಯಾರು ಹೋಗಬೇಕು? ಹತ್ತು ಹುಡುಗರು ಹೋದರೆ ಗುಂಪು ಕಟ್ಟಿಕೊಂಡು ಬಂದರು ಎನ್ನುತ್ತಾರೆ. ಎರಡು ಸಾವಿರ ವಿದ್ಯಾರ್ಥಿಗಳ ಸಂಘದ ಕಾರ್ಯದರ್ಶಿ ಸಂಘದ ಮೊಹರು ಹಾಕಿದ ಪತ್ರ ಹಿಡಿದು ಹೋದರೆ ಕುರ್ಚಿ ಹಾಕುತ್ತಾರೆ. ವಿದ್ಯಾರ್ಥಿ ರಾಜಕೀಯ ಎಂದು ಹೆದರಿಸುವ ಆ ದೊಡ್ಡ ಹೆಸರಿನೊಳಗೆ ಇರುವುದು ಬಹುಪಾಲು ಇಂಥ ಸಂಗತಿಗಳೇ: ಬಸ್ಸು, ಶೌಚಾಲಯ, ಹಾಸ್ಟೆಲಿನ ಸಾರು, ವಿದ್ಯಾರ್ಥಿವೇತನ, ಗ್ರಂಥಾಲಯದ ಬೀಗ.

ಈಗ ಯಾರೂ ಜೋರಾಗಿ ಆಡದ ಮಾತಿಗೆ ಬರುತ್ತೇನೆ. ವಿದ್ಯಾರ್ಥಿ ಚುನಾವಣೆ ನಿಂತ ಹೊತ್ತಿನಲ್ಲೇ, 1989ರಲ್ಲಿ, ಹೊಳೆನರಸೀಪುರದಲ್ಲಿ ಎಚ್.ಡಿ. ದೇವೇಗೌಡರಿಗೂ ಕಾಂಗ್ರೆಸ್ಸಿನ ಜಿ. ಪುಟ್ಟಸ್ವಾಮಿಗೌಡರಿಗೂ ವಿಧಾನಸಭೆಗೆ ಸ್ಪರ್ಧೆ ನಡೆದು ಪುಟ್ಟಸ್ವಾಮಿಗೌಡರು ಗೆದ್ದರು. 1999ರಲ್ಲಿ ಹಾಸನ ಲೋಕಸಭೆಗೆ ಮತ್ತೆ ಅದೇ ಇಬ್ಬರು, ಮತ್ತೆ ಪುಟ್ಟಸ್ವಾಮಿಗೌಡರೇ ಗೆದ್ದರು. 2024ರಲ್ಲಿ ಅದೇ ಹಾಸನ ಲೋಕಸಭೆಗೆ ದೇವೇಗೌಡರ ಮೊಮ್ಮಗ ಪ್ರಜ್ವಲ್ ರೇವಣ್ಣ, ಪುಟ್ಟಸ್ವಾಮಿಗೌಡರ ಮೊಮ್ಮಗ ಶ್ರೇಯಸ್ ಪಟೇಲ್. ಈ ಸಲ ಶ್ರೇಯಸ್ ಪಟೇಲ್ ಗೆದ್ದರು. ಮೂವತ್ತೈದು ವರ್ಷಗಳಲ್ಲಿ ಜಿಲ್ಲೆಯ ಮತದಾರರ ಮುಂದಿನ ಮುಖ್ಯ ಆಯ್ಕೆ ಎರಡು ಮನೆಗಳ ಅಜ್ಜಂದಿರಿಂದ ಅದೇ ಎರಡು ಮನೆಗಳ ಮೊಮ್ಮಕ್ಕಳಿಗೆ ಬಂತು. 2023ರಲ್ಲಿ ಹಾಸನ ಕ್ಷೇತ್ರದಿಂದ ಗೆದ್ದ ಸ್ವರೂಪ್ ಪ್ರಕಾಶ್ ಅದೇ ಕ್ಷೇತ್ರದ ಶಾಸಕರಾಗಿದ್ದ ಎಚ್.ಎಸ್. ಪ್ರಕಾಶ್ ಅವರ ಮಗ. ಅದೇ ಚುನಾವಣೆಯಲ್ಲಿ ಅರಕಲಗೂಡಿನಿಂದ ಎ. ಮಂಜು ಗೆದ್ದರು, ಪಕ್ಕದ ಮಡಿಕೇರಿಯಿಂದ ಅವರ ಮಗ ಮಂತರ್ ಗೌಡ ಗೆದ್ದರು. ಇವರೆಲ್ಲ ಜನರ ಮತದಿಂದಲೇ ಗೆದ್ದವರು, ಅವರ ಹಕ್ಕನ್ನು ನಾನು ಪ್ರಶ್ನಿಸುತ್ತಿಲ್ಲ. ನಾನು ಕೇಳುತ್ತಿರುವುದು ಉಳಿದವರ ದಾರಿಯನ್ನು.

ಏಕೆಂದರೆ ದೇವೇಗೌಡರೇ ಆ ದಾರಿಗೆ ಸಾಕ್ಷಿ. ಹರದನಹಳ್ಳಿಯ ರೈತನ ಮಗ, ಹಾಸನದ ಎಲ್.ವಿ. ಪಾಲಿಟೆಕ್ನಿಕ್‌ನಲ್ಲಿ ಸಿವಿಲ್ ಡಿಪ್ಲೊಮಾ ಓದಿದವರು. ಹೊಳೆನರಸೀಪುರದ ಆಂಜನೇಯ ಸಹಕಾರ ಸಂಘ, ತಾಲ್ಲೂಕು ಅಭಿವೃದ್ಧಿ ಮಂಡಳಿ ಎಂಬ ಸಣ್ಣ ಸಣ್ಣ ಜಾಗಗಳಲ್ಲಿ ಕೆಲಸ ಮಾಡಿ, ಮೂವತ್ತು ತುಂಬುವ ಮೊದಲೇ 1962ರಲ್ಲಿ ಪಕ್ಷೇತರರಾಗಿ ನಿಂತು ವಿಧಾನಸಭೆಗೆ ಗೆದ್ದರು. ಅಪ್ಪ ಶಾಸಕರಾಗಿರಲಿಲ್ಲ, ಅಜ್ಜ ಮಂತ್ರಿಯಾಗಿರಲಿಲ್ಲ. ಹೊಸಬನೊಬ್ಬ ಕಾಲಿಡಲು ಕೆಳಗಿನ ಮೆಟ್ಟಿಲುಗಳು ಇದ್ದವು. ಆ ಮೆಟ್ಟಿಲುಗಳು ಈಗ ಒಂದೊಂದಾಗಿ ಇಲ್ಲವಾಗಿವೆ. ಕಾಲೇಜು ಸಂಘ 1989-90ಕ್ಕೆ ಹೋಯಿತು. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ನಡೆದದ್ದು. 2021ರಲ್ಲಿ ಅವಧಿ ಮುಗಿದ ಮೇಲೆ ಅವು ವರ್ಷಗಟ್ಟಲೆ ಸದಸ್ಯರಿಲ್ಲದೆ ಆಡಳಿತಾಧಿಕಾರಿಗಳ ಕೈಯಲ್ಲಿ ಬಿದ್ದವು. ಮೆಟ್ಟಿಲು ಇಲ್ಲದ ಮನೆಗೆ ಒಳಗೇ ಹುಟ್ಟಿದವರು ಮಾತ್ರ ಇರುತ್ತಾರೆ. ಓದುವ ಮಕ್ಕಳಿಗೆ ರಾಜಕೀಯ ಬೇಡ ಎಂಬ ಬುದ್ಧಿಮಾತನ್ನು ಹೇಳುವ ಮನೆಗಳಲ್ಲಿ ಮಕ್ಕಳು ಓದುತ್ತಿರುವಾಗಲೇ ಅಪ್ಪನ ಪ್ರಚಾರದ ವಾಹನ ಹತ್ತುತ್ತಾರೆ, ಕಾರ್ಯಕರ್ತರ ಹೆಸರು ಕಲಿಯುತ್ತಾರೆ, ಊರಿನ ಲೆಕ್ಕ ಕಲಿಯುತ್ತಾರೆ. ಅವರಿಗೆ ಮನೆಯೇ ಕಾಲೇಜು ಸಂಘ. ಡೇರಿಗೆ ಹಾಲು ಹಾಕುವ ಮನೆಯ ಮಗಳಿಗೆ ಅದನ್ನು ಕಲಿಯಲು ಇದ್ದ ಒಂದೇ ಜಾಗಕ್ಕೆ ಬೀಗ.

ಜಾತಿಯ ಮಾತನ್ನು ನಾನು ತಪ್ಪಿಸಿಕೊಳ್ಳುವುದಿಲ್ಲ. ಚುನಾವಣೆಗೆ ಬರುವ ಆಕ್ಷೇಪಗಳಲ್ಲಿ ನನಗೆ ನಿಜಕ್ಕೂ ತೂಕದ್ದೆನಿಸುವುದು ಇದೊಂದೇ. ಒಂದು ಸಮುದಾಯದ ಸಂಖ್ಯೆ ದೊಡ್ಡದಿರುವ ಜಿಲ್ಲೆಯಲ್ಲಿ ತಲೆ ಎಣಿಸಿದರೆ ಅಧ್ಯಕ್ಷ ಯಾವಾಗಲೂ ಅದೇ ಸಮುದಾಯದವನಾಗುವುದಿಲ್ಲವೆ, ದಲಿತ ಹುಡುಗ, ಮುಸ್ಲಿಂ ಹುಡುಗಿ, ಹಿಂದುಳಿದ ಸಣ್ಣ ಜಾತಿಯವರು ಎಲ್ಲಿ ಹೋಗಬೇಕು ಎಂದು ಕೇಳುತ್ತಾರೆ. ಸರಿಯಾದ ಪ್ರಶ್ನೆ. ಅದಕ್ಕೆ ಉತ್ತರವನ್ನು ನಮ್ಮ ಪಂಚಾಯಿತಿಗಳೇ ಕೊಟ್ಟಿವೆ. ಮೀಸಲಾತಿ ಸರದಿಯ ಮೇಲೆ ತಿರುಗಲಿ, ಅರ್ಧದಷ್ಟು ಸ್ಥಾನ ಹೆಣ್ಣುಮಕ್ಕಳಿಗಿರಲಿ. ನಿನ್ನೆಯವರೆಗೆ ಯಾರೂ ಕುರ್ಚಿ ಕೊಡದಿದ್ದ ಕೇರಿಯ ಹೆಣ್ಣುಮಗಳು ಪಂಚಾಯಿತಿ ಅಧ್ಯಕ್ಷೆಯಾಗಿ ಸಭೆ ನಡೆಸಿದ್ದು ಚುನಾವಣೆ ಮತ್ತು ಮೀಸಲಾತಿ ಎರಡೂ ಇದ್ದದ್ದರಿಂದ. ಯಾರೋ ಕರುಣೆಯಿಂದ ನೇಮಿಸಿದ್ದರಿಂದ ಆದದ್ದಲ್ಲ. 1973ರಲ್ಲಿ ಸಚಿವ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯವನ್ನು ಬೂಸಾ ಎಂದ ಮಾತಿಗೆ ಎದ್ದ ಗಲಭೆಯಲ್ಲಿ ದಲಿತ ವಿದ್ಯಾರ್ಥಿಗಳು ಪೆಟ್ಟು ತಿಂದರು, ಹಾಸ್ಟೆಲುಗಳು ಹೆದರಿಕೆಯಲ್ಲಿ ನಡುಗಿದವು. 'ನೋಡಿ, ವಿದ್ಯಾರ್ಥಿಗಳು ಬೀದಿಗೆ ಬಂದರೆ ಹೀಗೆ' ಎನ್ನುವವರು ಅದರ ಮುಂದಿನ ಅಧ್ಯಾಯವನ್ನೂ ಓದಬೇಕು. ಆ ಪೆಟ್ಟಿನ ಬಿಸಿಯಲ್ಲೇ ದಲಿತ ವಿದ್ಯಾರ್ಥಿಗಳೂ ಯುವ ಲೇಖಕರೂ ಒಟ್ಟಾದರು, ಅದರಿಂದ ದಲಿತ ಸಂಘರ್ಷ ಸಮಿತಿ ಬೆಳೆಯಿತು. ದನಿ ಇಲ್ಲದವರಿಗೆ ಸಂಘಟನೆ ಬೇಡ ಎಂದು ಹೇಳಿದ ಯಾವ ಕಾಲವೂ ದನಿ ಇಲ್ಲದವರಿಗೆ ಒಳ್ಳೆಯ ಕಾಲವಾಗಿರಲಿಲ್ಲ.

ಕಾಲೇಜು ಚುನಾವಣೆ ನೋಡಲು ದೂರ ಹೋಗಬೇಕಿಲ್ಲ. ಮಂಗಳೂರಿನಿಂದ ತಲಪಾಡಿ ದಾಟಿ ಕೇರಳಕ್ಕೆ ಕಾಲಿಟ್ಟರೆ ಮಂಜೇಶ್ವರದ ಗೋವಿಂದ ಪೈ ಸ್ಮಾರಕ ಸರ್ಕಾರಿ ಕಾಲೇಜು, ಇನ್ನೂ ಮುಂದೆ ಕಾಸರಗೋಡು ಸರ್ಕಾರಿ ಕಾಲೇಜು. ಕನ್ನಡ ಎಂ.ಎ. ಓದುವವರು, ಮನೆಯಲ್ಲಿ ತುಳು, ಕನ್ನಡ ಆಡುವವರು ಅಲ್ಲಿ ಮತ ಹಾಕುತ್ತಾರೆ. ಅಧ್ಯಕ್ಷ, ಹೆಣ್ಣುಮಕ್ಕಳಿಗೇ ಮೀಸಲಾದ ಉಪಾಧ್ಯಕ್ಷ ಸ್ಥಾನ, ಕಾರ್ಯದರ್ಶಿ, ಕಾಲೇಜು ಪತ್ರಿಕೆಯ ವಿದ್ಯಾರ್ಥಿ ಸಂಪಾದಕ, ಕ್ರೀಡೆಗೆ ಜನರಲ್ ಕ್ಯಾಪ್ಟನ್, ವಿಶ್ವವಿದ್ಯಾಲಯದ ಯೂನಿಯನ್ನಿಗೆ ಕೌನ್ಸಿಲರ್‌ಗಳು. ಪತ್ರಿಕೆಯ ಸಂಪಾದಕನನ್ನೂ ಮತ ಹಾಕಿ ಆರಿಸುತ್ತಾರೆ ಎಂಬುದು ನನಗೆ ಬಹಳ ಇಷ್ಟವಾದ ವಿಷಯ. ಕೇರಳದ ಕಾಲೇಜುಗಳಲ್ಲಿ ಎಲ್ಲವೂ ಚೆನ್ನಾಗಿದೆ ಎಂದು ಹೇಳಲಾರೆ. 2018ರ ಜುಲೈನಲ್ಲಿ ಎರ್ನಾಕುಳಂನ ಮಹಾರಾಜಾಸ್ ಕಾಲೇಜಿನಲ್ಲಿ ಅಭಿಮನ್ಯು ಎಂಬ ಬಡ ಮನೆಯ ಹುಡುಗನನ್ನು ಇರಿದು ಕೊಂದರು. ಗೋಡೆಬರಹದ ಜಗಳ ಅದು, ಚುನಾವಣೆಯದ್ದಲ್ಲ. ಕೊಂದವರನ್ನು ಕೊಲೆಗಾರರೆಂದೇ ನೋಡಬೇಕು. ಅದೇ ರಾಜ್ಯದಲ್ಲಿ 2020ರ ಡಿಸೆಂಬರ್‌ನಲ್ಲಿ ಪದವಿ ಓದುತ್ತಿದ್ದ ಆರ್ಯಾ ರಾಜೇಂದ್ರನ್ ಇಪ್ಪತ್ತೊಂದನೇ ವಯಸ್ಸಿಗೆ ತಿರುವನಂತಪುರದ ಮೇಯರ್ ಆದರು, ವಿದ್ಯಾರ್ಥಿ ಸಂಘಟನೆಯಿಂದ ಬಂದು. ನಮ್ಮ ಹಾಸನ ನಗರದಲ್ಲಿ ಇಪ್ಪತ್ತೊಂದರ ಹುಡುಗಿ ಆ ಜಾಗಕ್ಕೆ ಬರುವುದನ್ನು ಊಹಿಸಿಕೊಂಡು ನೋಡಿ. ಯಾರ ಮಗಳು ಎಂಬ ಪ್ರಶ್ನೆ ಮೊದಲು ಬರುತ್ತದೆ.

ಗಲಾಟೆಯಿಲ್ಲದೆ ನಡೆಸುವುದು ಹೇಗೆ ಎಂಬುದಕ್ಕೆ ಹೊಸ ಸಮಿತಿ ಬೇಕಿಲ್ಲ. ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಜೆ.ಎಂ. ಲಿಂಗ್ಡೊ ಅವರ ಸಮಿತಿ 2006ರಲ್ಲೇ ವರದಿ ಕೊಟ್ಟಿತು, ಆ ವರ್ಷದ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಜಾರಿಗೊಳಿಸಿ ಎಂದಿತು. ಶೈಕ್ಷಣಿಕ ವರ್ಷ ಶುರುವಾದ ಆರರಿಂದ ಎಂಟು ವಾರದೊಳಗೆ ಚುನಾವಣೆ, ನಾಮಪತ್ರದಿಂದ ಫಲಿತಾಂಶದವರೆಗೆ ಹತ್ತು ದಿನ. ಖರ್ಚಿನ ಮಿತಿ 5,000 ರೂಪಾಯಿ, ಎರಡು ವಾರದಲ್ಲಿ ಲೆಕ್ಕ ಒಪ್ಪಿಸಬೇಕು. ಮುದ್ರಿಸಿದ ಪೋಸ್ಟರ್ ಇಲ್ಲ, ಕೈಯಲ್ಲಿ ಬರೆದದ್ದು ಮಾತ್ರ. ಧ್ವನಿವರ್ಧಕ ಇಲ್ಲ, ವಾಹನ ಇಲ್ಲ, ಹೊರಗಿನವರಿಲ್ಲ. ಪದವಿಯವರಿಗೆ 22ರ ವಯೋಮಿತಿ, 75 ಪ್ರತಿಶತ ಹಾಜರಾತಿ, ಅಪರಾಧದ ದಾಖಲೆ ಇದ್ದವನಿಗೆ ಜಾಗವಿಲ್ಲ. ಮುಖ್ಯ ಹುದ್ದೆಗೆ ಒಂದೇ ಅವಕಾಶ. ದೊಡ್ಡ ವಿಶ್ವವಿದ್ಯಾಲಯವಾದರೆ ಮೊದಲು ತರಗತಿಯ ಪ್ರತಿನಿಧಿಗಳನ್ನು ಆರಿಸಿ, ಅವರ ಮೂಲಕ ಮೇಲಿನ ಸಂಘ. ವಾತಾವರಣ ಸರಿಯಿಲ್ಲದ ಕಡೆ ತಾತ್ಕಾಲಿಕವಾಗಿ ನಾಮನಿರ್ದೇಶನ ಮಾಡಿ, ಐದು ವರ್ಷದೊಳಗೆ ಚುನಾವಣೆಗೆ ಬನ್ನಿ ಎಂದೂ ಆ ವರದಿ ಹೇಳಿತ್ತು. ಕರ್ನಾಟಕದಲ್ಲಿ ಆ ತಾತ್ಕಾಲಿಕವೇ ಶಾಶ್ವತವಾಯಿತು.

ಪಕ್ಷಗಳನ್ನು ಪೂರ್ತಿ ದೂರವಿಡಿ ಎಂಬ ಲಿಂಗ್ಡೊ ಸಲಹೆಯ ಬಗ್ಗೆ ಮಾತ್ರ ನನಗೆ ಅನುಮಾನವಿದೆ. ಪಕ್ಷದ ಚಿಹ್ನೆ, ಪಕ್ಷದ ದುಡ್ಡು ಬೇಡ ಎನ್ನುವುದು ಸರಿ. ಆದರೆ ತಾನು ಯಾವ ಸಂಘಟನೆಯವನೆಂದು ಅಭ್ಯರ್ಥಿ ಬಹಿರಂಗವಾಗಿ ಹೇಳಲಿ. ಮುಚ್ಚಿಟ್ಟ ನಂಟಿಗಿಂತ ಹೇಳಿಕೊಂಡ ನಂಟು ಮತದಾರನಿಗೆ ಒಳ್ಳೆಯದು.

ಈ ನಿಯಮಗಳ ಒಳಗೆ ಹೊಳೆನರಸೀಪುರದ ಸರ್ಕಾರಿ ಗೃಹ ವಿಜ್ಞಾನ ಕಾಲೇಜಿನಲ್ಲಿ ಚುನಾವಣೆ ನಡೆದರೆ ಹೇಗಿರುತ್ತದೆ? ಎರಡನೇ ವರ್ಷದ ಹುಡುಗಿಯೊಬ್ಬಳು ನಾಮಪತ್ರ ಹಾಕಬೇಕು, ಸೂಚಕಿ ಬೇಕು, ಅನುಮೋದಕಿ ಬೇಕು. ಅವರನ್ನು ಕೇಳಲು ಬಾಯಿ ಬಿಡಬೇಕು. ತನ್ನದಲ್ಲದ ತರಗತಿಗೆ ಹೋಗಿ, ಪಾಠ ಮಾಡುತ್ತಿರುವವರ ಅಪ್ಪಣೆ ಪಡೆದು, ಎರಡು ನಿಮಿಷದಲ್ಲಿ ತಾನೇನು ಮಾಡುತ್ತೇನೆಂದು ಹೇಳಬೇಕು. ಹಿಂದಿನ ಬೆಂಚಿನಿಂದ ಒಬ್ಬಳು, ಹೋದ ವರ್ಷ ಹೇಳಿದ ಸ್ಯಾನಿಟರಿ ಪ್ಯಾಡ್ ಯಂತ್ರ ಎಲ್ಲಿ ಎಂದು ಕೇಳುತ್ತಾಳೆ. ಉತ್ತರ ಕೊಡಬೇಕು. ರಾತ್ರಿ ಹಾಸ್ಟೆಲಿನಲ್ಲಿ ಕೂತು ಡ್ರಾಯಿಂಗ್ ಹಾಳೆಯ ಮೇಲೆ ಸ್ಕೆಚ್ ಪೆನ್ನಿನಲ್ಲಿ ಪೋಸ್ಟರ್ ಬರೆಯಬೇಕು. ಎಣಿಕೆಯ ದಿನ ಎದುರಾಳಿಯ ಏಜೆಂಟಳ ಪಕ್ಕದಲ್ಲೇ ಕೂತು, ಕುಲಗೆಟ್ಟ ಮತಪತ್ರದ ಬಗ್ಗೆ ವಾದ ಮಾಡಬೇಕು.

ನಿಂತವರಲ್ಲಿ ಹೆಚ್ಚಿನವರು ಸೋಲುತ್ತಾರೆ. ನಾನು ಚುನಾವಣೆ ಬೇಕೆನ್ನುವುದಕ್ಕೆ ಅದೂ ಒಂದು ಕಾರಣ. ಹನ್ನೆರಡು ಮತದಿಂದ ಸೋತವಳು ಸೋಮವಾರ ಬೆಳಿಗ್ಗೆ ಗೆದ್ದವಳ ಜೊತೆ ಒಂದೇ ಬೆಂಚಿನಲ್ಲಿ ಕೂತು ನೋಟ್ಸ್ ಬರೆದುಕೊಳ್ಳಬೇಕು. ನಮ್ಮ ಜಿಲ್ಲೆಯಲ್ಲಿ ಸೋಲುವುದನ್ನು ಕಲಿಯಲು ಜಾಗವೇ ಇಲ್ಲ. ಪಂಚಾಯಿತಿಗೆ ನಿಂತು ಸೋತರೆ ಎರಡು ಮನೆಗಳ ನಡುವೆ ಮದುವೆ ಮಾತುಕತೆ ನಿಲ್ಲುತ್ತದೆ, ಊರಹಬ್ಬದಲ್ಲಿ ಎರಡು ಪೆಂಡಾಲ್ ಏಳುತ್ತದೆ, ಹಗೆ ಮಕ್ಕಳವರೆಗೆ ಇಳಿಯುತ್ತದೆ. ನಲವತ್ತನೇ ವಯಸ್ಸಿನಲ್ಲಿ, ಹೊಲ ಮಾರಿ ಖರ್ಚು ಮಾಡಿ, ಮೊದಲ ಸಲ ಸೋಲುವವನಿಗೆ ಅದನ್ನು ತಾಳಿಕೊಳ್ಳುವ ಶಕ್ತಿ ಎಲ್ಲಿಂದ ಬರಬೇಕು? ಹತ್ತೊಂಬತ್ತರಲ್ಲಿ, ಐದು ಸಾವಿರದೊಳಗೆ, ಗೆಳತಿಯ ಎದುರು ಸೋತು, ಮುಂದಿನ ವರ್ಷ ಅವಳ ಲೆಕ್ಕ ಕೇಳುವ ಹಕ್ಕು ಉಳಿಸಿಕೊಂಡವಳು ಬೇರೆಯೇ ಮತದಾರಳಾಗುತ್ತಾಳೆ, ಬೇರೆಯೇ ಅಭ್ಯರ್ಥಿಯಾಗುತ್ತಾಳೆ.

ಜವಾಬ್ದಾರಿ ಸರ್ಕಾರಕ್ಕಾಗಿ ನಡೆದ 1947ರ ಮೈಸೂರು ಚಲೋ ಚಳವಳಿಯಲ್ಲಿ ಗುಂಡಿಗೆ ಬಲಿಯಾದ ವಿದ್ಯಾರ್ಥಿ ರಾಮಸ್ವಾಮಿಯ ಹೆಸರನ್ನು ಮೈಸೂರಿನ ವೃತ್ತಕ್ಕೆ ಇಟ್ಟು ಗೌರವಿಸುತ್ತಿರುವ ನಾಡು ಇದು. ಓದುವ ಹುಡುಗ ಓದಿಕೊಂಡಿರಬೇಕಿತ್ತು ಎಂದು ಅವನ ಬಗ್ಗೆ ಯಾರೂ ಹೇಳುವುದಿಲ್ಲ.

ಚುನಾವಣೆ ಒಂದೇ ಸಲ ರಾಜ್ಯದಲ್ಲೆಲ್ಲ ಬರುವುದು ಕಷ್ಟವೆಂದರೆ ಹಾಸನದಿಂದ ಶುರುವಾಗಲಿ. ಹಾಸನದ ಸರ್ಕಾರಿ ಕಲಾ ಕಾಲೇಜು, ವಿಜ್ಞಾನ ಕಾಲೇಜು, ಹೊಳೆನರಸೀಪುರದ ಗೃಹ ವಿಜ್ಞಾನ ಕಾಲೇಜು, ಅರಕಲಗೂಡು ಮತ್ತು ಚನ್ನರಾಯಪಟ್ಟಣದ ಪ್ರಥಮ ದರ್ಜೆ ಕಾಲೇಜುಗಳು ಸಾಕು. ಮತಪೆಟ್ಟಿಗೆ ತಾಲ್ಲೂಕು ಕಚೇರಿಯಲ್ಲಿದೆ, ಚುನಾವಣಾ ಕೆಲಸದಲ್ಲಿ ಪಳಗಿದ ಅಧ್ಯಾಪಕರು ಪ್ರತಿ ಕಾಲೇಜಿನಲ್ಲಿದ್ದಾರೆ, ಪ್ರತಿ ಸಾರ್ವತ್ರಿಕ ಚುನಾವಣೆಯಲ್ಲೂ ಮತಗಟ್ಟೆಯ ಅಧಿಕಾರಿಗಳಾಗಿ ಹೋಗುವವರು ಅವರೇ. ಮುಂದಿನ ಪ್ರವೇಶ ಮುಗಿದು ಎಂಟು ವಾರದೊಳಗೆ ನಾಮಪತ್ರ ಕರೆಯಬಹುದು. ಅದಕ್ಕೆ ಬೇಕಾಗಿರುವುದು ಸರ್ಕಾರದ ಒಂದು ಆದೇಶ.